ಬಲಗಡೆ ದೀಪದ ಬೊಟ್ಟು

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಕಾರಿನ ಮಬ್ಬು ಹಿಡಿದ ದೀಪ ಹೊಸದರಂತೆ ಹೊಳೆಯುತ್ತದೆ ಎಂದು ಶ್ರೀಕಂಠನಿಗೆ ಹೇಳಿಕೊಟ್ಟವರು ಯಾರೆಂದು ಕೇಳಬೇಡಿ. ಮೊಬೈಲಿನೊಳಗೆ ಅಂಥ ಪಂಡಿತರಿಗೆ ಬರವೇ? ಬ್ಯಾಂಕಿನಲ್ಲಿದ್ದಷ್ಟು ಕಾಲ ಒಂದು ಸಹಿಯನ್ನೂ ಹಿಂದೆಮುಂದೆ ತಿರುಗಿಸಿ ನೋಡದೆ ನಂಬಿದವನಲ್ಲ. ನಿವೃತ್ತನಾದದ್ದೇ ತಡ, ಆ ಅಂಗೈಯಗಲದ ಪೆಟ್ಟಿಗೆಯೊಳಗಿಂದ ಯಾರು ಏನು ಹೇಳಿದರೂ ಹೌದೆಂದು ತಲೆಯಾಡಿಸುವ ಹಾಗಾಗಿದ್ದ. ಮನೆಯಲ್ಲಿದ್ದ ಒಂದು ಟ್ಯೂಬನ್ನು ಪೂರ್ತಿ ಹಿಂಡಿ, ಹಳೆಯ ಬ್ರಷ್ಷಿನಿಂದ ತಿಕ್ಕಿ, ಒರೆಸಿ ನೋಡಿದ. ಒದ್ದೆಯಿದ್ದಷ್ಟು ಹೊತ್ತು ದೀಪ ಹೊಳೆಯಿತು. ನೀರಾರಿದ ಮೇಲೆ ಮತ್ತೆ ಅದೇ ಗಂಜಿಯ ಬಣ್ಣ, ಜೊತೆಗೆ ಪುದೀನದ ವಾಸನೆ.

ರಾಜಮಂಡ್ರಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ಮಗಳು ಹರಿಣಿಗೆ ಫೋನಿನಲ್ಲಿ ಈ ಸಂಗತಿ ಹೇಳಿ ಪೇಚಿಗೆ ಸಿಕ್ಕಿಕೊಂಡ. ಅವಳು ನಕ್ಕು ನಕ್ಕು ಸುಸ್ತಾದಳು.

“ನಾನ್ನಾ, ನನ್ ಪೇಷೆಂಟ್ಸ್ ಕೂಡ ಅಷ್ಟ್ ಚೆನ್ನಾಗಿ ತಿಕ್ಕಲ್ಲ” ಎಂದಳು.

ಅಪ್ಪನ ಜೊತೆ ಮಾತ್ರ ಅವಳು ಕನ್ನಡ ಆಡುತ್ತಾಳೆ, ಅದೂ ಅರ್ಧ ದಾರಿಗೆ ಬಂದು ತೆಲುಗಿಗೆ ತಿರುಗಿಕೊಳ್ಳುತ್ತದೆ. ನಗು ನಿಂತ ಮೇಲೆ, ಆ ಕಾರು ಇನ್ನು ಸಾಕು, ಗುಜರಿಗೆ ಹಾಕಿಬಿಡಿ ಎಂದು ತೆಲುಗಿನಲ್ಲೇ ಬುದ್ಧಿ ಹೇಳಿದಳು. ಶ್ರೀಕಂಠ ಸಿಗ್ನಲ್ ಸರಿಯಿಲ್ಲವೆಂದು ಫೋನ್ ಇಟ್ಟ. ಅವನಿಗೆ ಬೇಡದ ಮಾತು ಬಂದಾಗಲೆಲ್ಲ ಅವನ ಮನೆಯಿರುವ ದುವ್ವಾಡದ ಕಡೆ ಸಿಗ್ನಲ್ ಕೆಡುತ್ತದೆ.

ವಿಷಯ ಇಷ್ಟೇ. ಕಾರಿಗೆ ಹದಿನೈದು ವರ್ಷ ತುಂಬಿತ್ತು. ಅಷ್ಟು ಹಳೆಯ ಗಾಡಿ ರಸ್ತೆಯಲ್ಲಿ ಉಳಿಯಬೇಕಾದರೆ ಮತ್ತೊಮ್ಮೆ ತೋರಿಸಿ, ಪರೀಕ್ಷೆ ಮಾಡಿಸಿ, ನೋಂದಣಿ ಹೊಸದು ಮಾಡಿಸಬೇಕು. ಶುಕ್ರವಾರ ವಿಶಾಖಪಟ್ಟಣದ ಸಾರಿಗೆ ಕಚೇರಿಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು ಗಾಡಿಯನ್ನು ಹಿಂದೆಮುಂದೆ ಓಡಿಸಿ, ಬಾನೆಟ್ ಎತ್ತಿ ನೋಡಿ, ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಲ್ಲ ಎಂದು ಮೆಚ್ಚಿಕೊಂಡರು. ಕಡೆಗೆ ಮುಂದಿನ ದೀಪಗಳ ಎದುರು ನಿಂತು ಮುಖ ಸಪ್ಪಗೆ ಮಾಡಿದರು. ಅವುಗಳ ಮುಚ್ಚಳವನ್ನು ಎಲ್ಲರೂ ಗಾಜು ಅನ್ನುತ್ತಾರೆ, ಆದರೆ ಪ್ಲಾಸ್ಟಿಕ್ಕು. ಸಮುದ್ರದ ಉಪ್ಪುಗಾಳಿ, ಬಿಸಿಲು ಎರಡೂ ಸೇರಿ ಅದರ ಮೇಲಿನ ಪದರವನ್ನು ಹಳದಿ ಮಾಡಿ, ಅಲ್ಲಲ್ಲಿ ಸಿಪ್ಪೆ ಏಳಿಸಿದ್ದವು. ಬೆಳಕೆಲ್ಲ ಒಳಗೇ ಉಳಿದುಬಿಡುತ್ತದೆ, ರಸ್ತೆಗೆ ಬೀಳುವುದಿಲ್ಲ, ಸೋಮವಾರ ಎರಡನ್ನೂ ತಿಳಿ ಮಾಡಿಸಿಕೊಂಡು ಬನ್ನಿ, ಇಲ್ಲವಾದರೆ ಪಾಸು ಮಾಡಲಾರೆ ಎಂದು ಮರ್ಯಾದೆಯಿಂದಲೇ ಹೇಳಿದರು. ಹೊಸ ದೀಪ ಹಾಕಿಸೋಣವೆಂದರೆ ಆ ಮಾದರಿಯ ಕಾರು ಬರುವುದೇ ನಿಂತುಹೋಗಿತ್ತು. ಗಾಜುವಾಕದ ಅಂಗಡಿಯವರು ಹೆಸರು ಕೇಳಿದ ಕೂಡಲೇ ಕೈಯಾಡಿಸಿದರು.

ಹೆಂಡತಿ ಲಕ್ಷ್ಮೀಪ್ರಸನ್ನ ಊರಲ್ಲಿರಲಿಲ್ಲ. ಅಣ್ಣನ ಮಗಳ ಮದುವೆಗೆ ಮಂಗಳಗಿರಿ ಸೀರೆ ಆರಿಸಲು ತವರಾದ ವಿಜಯವಾಡಕ್ಕೆ ಹೋಗಿದ್ದಳು. ಭಾನುವಾರ ಬೆಳಗಿನ ರೈಲು ಹತ್ತಿ ಮಧ್ಯಾಹ್ನ ದುವ್ವಾಡ ಸ್ಟೇಷನ್ನಿನಲ್ಲಿ ಇಳಿಯುವವಳು. ಅಷ್ಟರೊಳಗೆ ದೀಪ ಫಳಫಳ ಅನ್ನುವ ಹಾಗೆ ಮಾಡಿ, ಅದೇ ಕಾರಿನಲ್ಲಿ ಸ್ಟೇಷನ್ನಿಗೆ ಹೋಗಿ ಅವಳನ್ನು ಬೆರಗುಗೊಳಿಸಬೇಕೆಂದು ಶ್ರೀಕಂಠನ ಯೋಜನೆ. ಗಂಡಸರು ಮಾಡುವ ಇಂಥ ಯೋಜನೆಗಳಲ್ಲಿ ಎಷ್ಟು ನಡೆಯುತ್ತವೆ ಎನ್ನುವುದು ಹೆಂಗಸರಿಗೆ ಚೆನ್ನಾಗಿ ಗೊತ್ತು.

ಟೂತ್‌ಪೇಸ್ಟು ಕೈಕೊಟ್ಟ ಮೇಲೆ ಅವನಿಗೆ ಆಟೋನಗರದ ಕೃಷ್ಣಪ್ರಸಾದ ನೆನಪಾದ. ಹತ್ತು ವರ್ಷದ ಹಿಂದೆ ವಿಜಯವಾಡದಲ್ಲಿ ಇದೇ ದೀಪಗಳನ್ನು ತಿಳಿ ಮಾಡಿಕೊಟ್ಟವನು ಅವನು. ಆಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದು ಒಂದೊಂದೇ ಕಣ್ಣ ಮುಂದೆ ಬಂತು. ಮೊದಲು ಒರಟು ವಾಟರ್ ಪೇಪರು ಎಂಬ ಉಜ್ಜುಕಾಗದವನ್ನು ನೀರಲ್ಲಿ ನೆನೆಸಿ ಹಳೆಯ ಪದರ ಪೂರ್ತಿ ಹೋಗುವ ತನಕ ತಿಕ್ಕಬೇಕು. ಆಮೇಲೆ ನಯವಾದದ್ದು, ಅದಕ್ಕಿಂತ ನಯವಾದದ್ದು. ಕಡೆಗೆ ಪಾಲಿಷ್. ಅದೆಲ್ಲ ಆದ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಲ್ಯಾಕರ್, ತೆಳ್ಳಗೆ ಹೊಡೆಯಬೇಕು. ಇಲ್ಲದಿದ್ದರೆ ವರ್ಷದೊಳಗೆ ಮತ್ತೆ ಮಬ್ಬು. ಹೊಡೆದ ಮೇಲೆ ಮೂರುನಾಲ್ಕು ಗಂಟೆ ಯಾರೂ ಮುಟ್ಟಬಾರದು. ಈ ಕಡೆಯ ಮಾತು ಶ್ರೀಕಂಠನಿಗೆ ಚೆನ್ನಾಗಿಯೇ ನೆನಪಿತ್ತು, ಯಾಕೆಂದರೆ ಅವತ್ತು ಒಬ್ಬರು ಮುಟ್ಟಿದ್ದರು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದವನೇ ಪಂಚೆ ಎತ್ತಿ ಕಟ್ಟಿ, ಮೋಟು ಸ್ಟೂಲು ಹಾಕಿಕೊಂಡು, ಪೋರ್ಟಿಕೋದಲ್ಲಿ ಕಾರಿನ ಮುಂದೆ ಕೂತ. ದೀಪದ ಸುತ್ತ ಬಣ್ಣಕ್ಕೆ ಗೀರು ಬೀಳದಂತೆ ಟೇಪು ಅಂಟಿಸಿದ. ಎಡಗಡೆ ದೀಪಕ್ಕೆ ಕೈಹಾಕಿದ. ಮೊದಲ ಉಜ್ಜಿಗೇ ಅರಿಸಿನದ ಹಾಲಿನಂಥ ನೀರು ಬಂಪರಿನ ಮೇಲೆ ಇಳಿಯಿತು. ತಿಕ್ಕುತ್ತ ತಿಕ್ಕುತ್ತ ದೀಪ ಮತ್ತೂ ಮಬ್ಬಾಗಿ, ಕಡೆಗೆ ಹಾಲುಬಿಳುಪಾಗಿ, ಇದ್ದದ್ದನ್ನೂ ಕೆಡಿಸಿಬಿಟ್ಟೆನೇ ಎಂದು ಅವನು ಪೇಪರು ಕೆಳಗಿಟ್ಟ. ಆದರೆ ಕೃಷ್ಣಪ್ರಸಾದನೂ ಹೀಗೇ ಮಾಡಿದ್ದು ನೆನಪಿತ್ತು. ನಯವಾದ ಪೇಪರು ಬಂದಂತೆ ಬಿಳುಪು ತೆಳುವಾಯಿತು. ಪಾಲಿಷ್ ಹಚ್ಚಿ ಹಳೆಯ ಬನಿಯನ್ನಿನಿಂದ ಒರೆಸಿದಾಗ ಒಳಗಿನ ಬಲ್ಬು, ಅದರ ಹಿಂದಿನ ತಗಡಿನ ಮಡಿಕೆ, ಎಲ್ಲ ಕಾಣಿಸಿದವು. ಕ್ಲಿಯರ್ ಹೊಡೆದ ಮೇಲಂತೂ ದೀಪ ಅಂಗಡಿಯಿಂದ ಈಗ ತಂದ ಹಾಗಾಯಿತು. ಅವನು ಎದ್ದು ದೂರ ನಿಂತು ನೋಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಬೆನ್ನನ್ನು ತಾನೇ ಚಪ್ಪರಿಸಿಕೊಂಡ.

ಆಮೇಲೆ ಸ್ಟೂಲನ್ನು ಬಲಗಡೆಗೆ ಎಳೆದು ಕೂತ. ಕೂತವನು ಕೂತೇ ಇದ್ದ.

ಬಲಗಡೆಯ ದೀಪದ ನಟ್ಟನಡುವೆ ಒಂದು ಬೊಟ್ಟಿತ್ತು. ಹಳೆಯ ಲ್ಯಾಕರಿನೊಳಗೆ ಹೂತುಕೊಂಡ, ಉಂಗುರದ ಬೆರಳಿನ ತುದಿಯಷ್ಟಗಲದ ಕುಂಕುಮದ ಬೊಟ್ಟು. ಕೆಂಪು ಹೋಗಿ ಈಗ ಕಂದು ಬಣ್ಣ. ಹತ್ತಿರ ಹೋಗಿ ನೋಡಿದರೆ ಬೆರಳಿನ ಗೆರೆಗಳು ಒಂದರ ಪಕ್ಕ ಒಂದು ಹಾಗೇ ಉಳಿದಿದ್ದವು. ಅದು ಅವನ ಅತ್ತೆ ಕೋಟೇಶ್ವರಮ್ಮನವರ ಬೆರಳು. ಅವರು ತೀರಿಕೊಂಡು ಐದಾರು ವರ್ಷವಾಗಿತ್ತು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಹಿರಿಯೂರಿನ ಕಡೆಯ ಹುಡುಗ ಶ್ರೀಕಂಠ ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಬಾಡಿಗೆಗೆ ಹಿಡಿದದ್ದು ಅವರ ಮನೆಯ ಮಹಡಿಯನ್ನು. ಬ್ಯಾಂಕಿನ ನೌಕರಿ, ಬೀಡಿ ಸಿಗರೇಟಿಲ್ಲ, ಭಾನುವಾರ ತಾನೇ ಬಟ್ಟೆ ಒಗೆದುಕೊಳ್ಳುತ್ತಾನೆ ಎಂದು ಕೋಟೇಶ್ವರಮ್ಮ ಬೀದಿಯವರ ಮುಂದೆಲ್ಲ ಹೊಗಳುತ್ತಿದ್ದರು. ಹಬ್ಬದ ದಿನ ಮೇಲಕ್ಕೆ ಪುಳಿಹೋರ ಬರುತ್ತಿತ್ತು. ತಂದುಕೊಡುತ್ತಿದ್ದವಳು ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮಗಳು ಲಕ್ಷ್ಮೀಪ್ರಸನ್ನ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಭಾಷೆ, ಬೇರೆ ಜಾತಿ. ಇಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತಾಗ ಕೋಟೇಶ್ವರಮ್ಮ ಬೈಯಲಿಲ್ಲ, ಅಳಲಿಲ್ಲ. ಸೆರಗು ಹೊದ್ದು ಒಳಗೆ ಹೋದರು.

ಹರಿಣಿ ಹುಟ್ಟಿದ ಮೇಲೆ ಮನೆಯ ಬಾಗಿಲು ತೆರೆಯಿತು. ಆದರೆ ಬಾಯಿ ತೆರೆಯಲಿಲ್ಲ. ಅಳಿಯ ಹಜಾರದಲ್ಲಿ ಕೂತಿದ್ದರೆ ಅವರು ಅಡುಗೆಮನೆಯಿಂದಲೇ ಮಗಳಿಗೆ, “ಬ್ಯಾಂಕು ಆಯನಕಿ ಕಾಫಿ ಇಯ್ಯಿ” ಅನ್ನುವರು. ಬ್ಯಾಂಕು ಆಯನ, ಅಂದರೆ ಬ್ಯಾಂಕಿನವರು. ಬಾಡಿಗೆಗಿದ್ದಾಗಲೂ ಅದೇ ಹೆಸರು, ಮಗಳ ಗಂಡನಾದ ಮೇಲೂ ಅದೇ ಹೆಸರು. ಅಳಿಯನ ಎದುರು ಬಂದು ಸಲೀಸಾಗಿ ಮಾತಾಡದಿರುವುದು ಅವರ ಕಾಲದ ಅತ್ತೆಯರ ಪದ್ಧತಿಯೇ ಎಂದು ಲಕ್ಷ್ಮೀಪ್ರಸನ್ನ ಸಮಾಧಾನ ಹೇಳುತ್ತಿದ್ದಳು. ದೊಡ್ಡ ಅಳಿಯನಿಗೆ ಅವರು “ಅಲ್ಲುಡುಗಾರು” ಎನ್ನುತ್ತಿದ್ದುದನ್ನು ಕಿವಿಯಾರೆ ಕೇಳಿದ್ದ ಶ್ರೀಕಂಠನಿಗೆ ಆ ಸಮಾಧಾನ ಹಿಡಿಸುತ್ತಿರಲಿಲ್ಲ. ತೆಲುಗಿನವರು ಅಳಿಯನಿಗೆ ಅನ್ನುವ ಆ ಒಂದು ಮಾತಿಗಾಗಿ ಅವನು ಎಷ್ಟು ಆಸೆಪಟ್ಟಿದ್ದನೆಂದರೆ, ಆಸೆಪಡುತ್ತಿದ್ದೇನೆಂದು ಒಪ್ಪಿಕೊಳ್ಳಲೂ ಅವನಿಗೆ ನಾಚಿಕೆಯಾಗುತ್ತಿತ್ತು.

ಕಾರು ಕೊಂಡ ದಿನವೂ ಅಷ್ಟೇ. ಬೆಟ್ಟದ ಮೇಲೆ ಅಮ್ಮನವರ ಗುಡಿಯಲ್ಲಿ ಪೂಜೆ ಮಾಡಿಸಿ, ಹಾರ ಹಾಕಿದ ಗಾಡಿಯನ್ನು ನೆಟ್ಟಗೆ ಅತ್ತೆಯ ಮನೆಮುಂದೆ ತಂದು ನಿಲ್ಲಿಸಿದ್ದ. ಅಕ್ಕಪಕ್ಕದವರೆಲ್ಲ ಬಂದು ನೋಡಿದರು. ಕೋಟೇಶ್ವರಮ್ಮ ಕಿಟಕಿಯಲ್ಲಿ ಕಾಣಿಸಿಕೊಂಡು ಮಾಯವಾದರು. ಆಮೇಲೆ ಒಂದೇ ಒಂದು ಸಲ ಆ ಕಾರಿನಲ್ಲಿ ಕೂತು ಮಂಗಳಗಿರಿಯ ನರಸಿಂಹಸ್ವಾಮಿಗೆ ಪಾನಕ ಕೊಡಲು ಬಂದಿದ್ದರು. ದಾರಿಯುದ್ದಕ್ಕೂ ಮಾತಿಲ್ಲ. ಇಳಿಯುವಾಗ ಮಗಳ ಕಡೆ ತಿರುಗಿ, ಬ್ಯಾಂಕು ಆಯನಿಗೆ ನಿಧಾನವಾಗಿ ಓಡಿಸುವುದಕ್ಕೆ ಹೇಳು ಎಂದರು. ಅವನು ನಿಂತಿದ್ದದ್ದು ಮೂರಡಿ ದೂರದಲ್ಲಿ.

ಆಮೇಲೆ ಅವನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಷ್ಟರಲ್ಲೇ ದೀಪಗಳು ಮಬ್ಬಾಗತೊಡಗಿದ್ದವು. ಮನೆ ನೋಡಲು ಹೋಗಿಬರುವಾಗ ತುನಿಯ ಹತ್ತಿರ ಕತ್ತಲಲ್ಲಿ ನಿಂತಿದ್ದ ಲಾರಿಯೊಂದು ಕಣ್ಣಿಗೇ ಬೀಳದೆ, ಕಡೇ ಗಳಿಗೆಯಲ್ಲಿ ಸ್ಟೀರಿಂಗ್ ಎಳೆದು ಪಾರಾಗಿದ್ದರು. ಲಕ್ಷ್ಮೀಪ್ರಸನ್ನ ಅದನ್ನು ತಾಯಿಯ ಹತ್ತಿರ ಹೇಳಿಬಿಟ್ಟಿದ್ದಳು. ಸಂಸಾರ ಸಮೇತ ಹೊರಡುವ ದಿನ ಶ್ರೀಕಂಠ ಆಟೋನಗರದಿಂದ ಕೃಷ್ಣಪ್ರಸಾದನನ್ನು ಮನೆಗೇ ಕರೆಸಿ, ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ, ಎರಡೂ ದೀಪ ತಿಕ್ಕಿಸಿ ಕ್ಲಿಯರ್ ಹೊಡೆಸಿದ. ಎಡಗಡೆಯದು ಬೆಳಿಗ್ಗೆಯೇ ಮುಗಿದು ಒಣಗಿತ್ತು. ಬಲಗಡೆಯದು ಹಸಿಯಿತ್ತು.

ಆಗ ಒಳಗಿಂದ ಕೋಟೇಶ್ವರಮ್ಮ ಹೊರಗೆ ಬಂದರು. ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ. ಶ್ರೀಕಂಠ ಬೇವಿನ ಮರದಡಿಯಿಂದ ನೋಡಿ ಬೆಪ್ಪಾಗಿ ನಿಂತ. ಅವರು ಎಡಗಡೆಯ ದೀಪಕ್ಕೆ ಒಂದು ಬೊಟ್ಟಿಟ್ಟರು. ಸುತ್ತಿಕೊಂಡು ಬಂದು ಬಲಗಡೆಯ ಹಸಿ ಲ್ಯಾಕರಿನ ಮೇಲೆ ಬೆರಳೂರಿದರು. ಕೃಷ್ಣಪ್ರಸಾದ ಅಯ್ಯೋ ಎಂದ. ಶ್ರೀಕಂಠನಿಗೆ ಪಿತ್ತ ನೆತ್ತಿಗೇರಿತು. ಬೆಳಗಿನಿಂದ ಕಣ್ಣಲ್ಲಿ ಕಣ್ಣಿಟ್ಟು ಮಾಡಿಸಿದ ಕೆಲಸ! ತಿಕ್ಕಿ ಮತ್ತೆ ಹೊಡೆಯೋಣ ಎಂದ ಕೃಷ್ಣಪ್ರಸಾದನಿಗೆ, ಬೇಡ, ಇನ್ನು ಹೊತ್ತಿಲ್ಲ ಎಂದು ಗದರಿದಂತೆ ಹೇಳಿ, ಅತ್ತೆಯ ಕಡೆ ತಿರುಗಿಯೂ ನೋಡದೆ ಸಾಮಾನು ತುಂಬಿಸಿದ. ಮಾಡಿಟ್ಟಿದ್ದ ಊಟವನ್ನೂ ಮುಟ್ಟದೆ ಹೊರಟ. ಎಡಗಡೆಯ ಬೊಟ್ಟು ಏಲೂರು ದಾಟುವುದರೊಳಗೆ ಮಳೆಗೆ ತೊಳೆದುಹೋಯಿತು. ಬಲಗಡೆಯದು ಉಳಿಯಿತು.

ಆಮೇಲೆ ಎಷ್ಟೋ ವರ್ಷ ಕಾರು ತೊಳೆಯುವಾಗಲೆಲ್ಲ ಅವನು ಅದನ್ನು ತೋರಿಸಿ, ನಿಮ್ಮಮ್ಮನ ಕೈಚಳಕ ನೋಡು ಎಂದು ಹೆಂಡತಿಯನ್ನು ಚುಚ್ಚುತ್ತಿದ್ದ. ಅವಳು ಉತ್ತರ ಕೊಡುತ್ತಿರಲಿಲ್ಲ. ಕೋಟೇಶ್ವರಮ್ಮ ಒಂದು ಬೆಳಿಗ್ಗೆ ಎದ್ದವರು ಮತ್ತೆ ಮಲಗಿ, ಹಾಗೇ ಹೋಗಿಬಿಟ್ಟರು. ಕಡೆಯ ಮಾತು ಅಂತೇನೂ ಆಗಲಿಲ್ಲ. ಅವರ ಕರ್ಮಾಂತರ ಮುಗಿಸಿಕೊಂಡು ದುವ್ವಾಡಕ್ಕೆ ಬಂದು ಕಾರು ತೊಳೆಯಲು ನಿಂತಾಗ ಶ್ರೀಕಂಠನ ಕೈ ಆ ಬೊಟ್ಟಿನ ಹತ್ತಿರ ನಿಂತಿತು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಮನೆಯ ಅಳಿಯನಾಗಿದ್ದವನು. ಆ ಹೆಂಗಸು ಅವನದೆಂಬ ಒಂದು ವಸ್ತುವನ್ನು ತಾನಾಗಿ ಬಂದು ಹರಸಿದ್ದರೆ ಅದು ಇದೊಂದೇ. ಅದನ್ನೂ ಅವರು ತಿಳಿಯದೆ ಕೆಡಿಸಿದ್ದು, ತಾನು ಅದಕ್ಕೆ ಮುಖ ತಿರುಗಿಸಿಕೊಂಡು ಹೋದದ್ದು. ಅವತ್ತಿನಿಂದ ಅವನು ಬೊಟ್ಟಿನ ವಿಷಯ ಎತ್ತಲಿಲ್ಲ. ಬಟ್ಟೆ ಅದರ ಸುತ್ತ ಬಳಸಿಕೊಂಡು ಹೋಗುತ್ತಿತ್ತು. ಸಂಜೆ ದೀಪ ಹಾಕಿ ಇಳಿದು ಗೇಟು ತೆಗೆಯುವಾಗ ಆ ಬೊಟ್ಟು ಒಳಗಿನ ಬೆಳಕಿಗೆ ಒಂದಿಷ್ಟು ಕೆಂಪಗೆ ಕಾಣುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಅವನು ಗೇಟಿನ ಹತ್ತಿರ ಸ್ವಲ್ಪ ತಡಮಾಡುತ್ತಿದ್ದ. ಹೆಂಡತಿಗೆ ಇದನ್ನೆಲ್ಲ ಹೇಗೆ ಹೇಳುವುದು? ಅಷ್ಟು ವರ್ಷ ಆಡಿಕೊಂಡ ಬಾಯಿ ಅದು.

ಕಾರು ಗುಜರಿಗೆ ಎಂದಾಗಲೆಲ್ಲ ಸಿಗ್ನಲ್ ಯಾಕೆ ಕೆಡುತ್ತಿತ್ತು ಎನ್ನುವುದು ಈಗ ತಿಳಿದಿರಬೇಕು. ಅದೇ ಕಾರನ್ನು ಉಳಿಸಿಕೊಳ್ಳುವುದಕ್ಕೆ ಅದೇ ಬೊಟ್ಟನ್ನು ತಿಕ್ಕಿ ತೆಗೆಯಬೇಕೆಂದು ದೀಪದ ಎದುರು ಕೂರುವ ತನಕ ಈ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ಮೊದಲು ಉಪಾಯ ಮಾಡಿದ. ಬೊಟ್ಟಿನ ಮೇಲೆ ಟೇಪಿನ ತುಂಡು ಅಂಟಿಸಿ ಸುತ್ತಲಿನದನ್ನು ತಿಕ್ಕಿದ. ಟೇಪು ಕಿತ್ತು ನೋಡಿದರೆ ತಿಳಿಯಾದ ದೀಪದ ನಡುವೆ ಹಳದಿ ಕಜ್ಜಿಯ ಹಾಗೆ ಒಂದು ದಿಬ್ಬ, ಅದರ ಅಂಚಿನಿಂದ ಸಿಪ್ಪೆ ಏಳುತ್ತಿದೆ. ಒಳಗೆ ಹೋಗಿ ಸ್ವಿಚ್ಚು ಹಾಕಿ ಬಂದು ನೋಡಿದ. ಬೆಳಕು ಸರಿಯಾಗಿ ಮುಂದಕ್ಕೆ ಬರುವ ಜಾಗದಲ್ಲೇ ಅದು ಅಡ್ಡ ಕೂತಿತ್ತು. ಇನ್ಸ್‌ಪೆಕ್ಟರು ಮೊದಲು ಬೆರಳು ತೋರಿಸುವುದು ಅಲ್ಲಿಗೇ. ಸ್ವಿಚ್ಚು ತೆಗೆದು ಮತ್ತೆ ಸ್ಟೂಲಿನ ಮೇಲೆ ಕೂತ. ಬಿಸಿಲು ಪೋರ್ಟಿಕೋದ ಅರ್ಧಕ್ಕೆ ಬಂತು.

ಗುಜರಿಗೆ ಹಾಕಿದರೆ ಕಾರಿನ ಜೊತೆ ಬೊಟ್ಟೂ ಹೋಗುತ್ತದೆ. ಹಾಗೇ ಇಟ್ಟುಕೊಂಡರೆ ಕಾರು ಪೋರ್ಟಿಕೋದಲ್ಲೇ ಕೊಳೆಯುತ್ತದೆ. ಆದರೆ ಅವನ ಕೈಯನ್ನು ಕಡೆಗೆ ಮುಂದಕ್ಕೆ ತಳ್ಳಿದ್ದು ಈ ಲೆಕ್ಕಗಳಲ್ಲ. ಕೋಟೇಶ್ವರಮ್ಮ ಅವತ್ತು ಹೊಸಿಲು ದಾಟಿ ಬಂದದ್ದು ಯಾಕೆ? ತುನಿಯ ಲಾರಿಯ ಸುದ್ದಿ ಕೇಳಿ. ಮಗಳು, ಮೊಮ್ಮಗಳು ಕತ್ತಲ ರಸ್ತೆಯಲ್ಲಿ ಹೋಗುವವರು, ದೀಪಕ್ಕೆ ದೃಷ್ಟಿ ತಾಗದಿರಲಿ ಎಂದು. ಆ ಬೊಟ್ಟನ್ನು ಉಳಿಸಲು ಹೋಗಿ ಬೆಳಕನ್ನೇ ಮುಚ್ಚಿಟ್ಟರೆ ಅವರು ಮೇಲಿಂದ ಮಗಳಿಗೆ ಹೇಳಿಕಳಿಸಿಯಾರು, ಬ್ಯಾಂಕು ಆಯನಿಗೆ ಬುದ್ಧಿ ಇಲ್ಲವೇ ಎಂದು.

ಅವನು ವಾಟರ್ ಪೇಪರನ್ನು ನೆನೆಸಿದ. ಬೊಟ್ಟಿನ ಮೇಲೆ ತನ್ನ ಉಂಗುರದ ಬೆರಳನ್ನು ಒಮ್ಮೆ ಇಟ್ಟು ನೋಡಿದ. ಅವರ ಬೆರಳು ಅವನದಕ್ಕಿಂತ ಸಣ್ಣದು. ಆಮೇಲೆ ತಿಕ್ಕಿದ. ಹತ್ತು ವರ್ಷ ಬಿಸಿಲು ಮಳೆಗೆ ಜಗ್ಗದ್ದು ಕೈಯಡಿಯಲ್ಲಿ ಬೇಗ ಬೇಗ ಕರಗಿತು. ಹಳದಿ ನೀರಿನಲ್ಲಿ ಕಂಡೂ ಕಾಣದ ಒಂದು ಕೆಂಪು ಎಳೆ ಇಳಿದು ಬಂಪರಿನ ಕೆಳಗೆ ತೊಟ್ಟಿಕ್ಕಿತು. ಶ್ರೀಕಂಠನಿಗೆ ಅಳು ಬಂತು. ಅತ್ತೆ ಸತ್ತ ದಿನ ಬಾರದ್ದು ಇವತ್ತು ಬಂತಲ್ಲ ಎಂದು ತನ್ನ ಮೇಲೇ ಸಿಟ್ಟಾಗಿ, ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡು, ಕಣ್ಣಿಗೆ ಪ್ಲಾಸ್ಟಿಕ್ ಪುಡಿ ಹೋಗಿ, ನಲ್ಲಿಯ ಹತ್ತಿರ ಓಡಿಹೋಗಿ ಮುಖ ತೊಳೆದುಕೊಳ್ಳಬೇಕಾಯಿತು. ಬಂದು ನಯವಾದ ಪೇಪರು ಹಿಡಿದ, ಪಾಲಿಷ್ ಮಾಡಿದ, ಕ್ಲಿಯರ್ ಹೊಡೆದ.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ಸ್ಟೇಷನ್ನಿಗೆ ಹೋಗಬೇಕಾಗಿತ್ತೆನ್ನುವುದು ಅವನಿಗೆ ಆಗ ನೆನಪಾಯಿತು.

“ಏಮಂಡಿ, ಬರ್ತೀನಿ ಅಂದಿದ್ರಿ ಕದಾ? ಫೋನೂ ಎತ್ತಲ್ಲ” ಎನ್ನುತ್ತ ಸೀರೆಯ ಚೀಲಗಳ ಜೊತೆ ಇಳಿದ ಲಕ್ಷ್ಮೀಪ್ರಸನ್ನ, ಗಂಡನ ಅವತಾರ ಕಂಡು ಗೇಟಿನಲ್ಲೇ ನಿಂತಳು. ಕೆಂಪಡರಿದ ಕಣ್ಣು, ಹಳದಿ ಕಲೆಯ ಪಂಚೆ. ಅವನ ಹಿಂದೆ ಕಾರಿನ ಎರಡೂ ದೀಪ ಹೊಳೆಯುತ್ತಿದ್ದವು. ಅವಳು ಚೀಲಗಳನ್ನು ಮೆಟ್ಟಿಲ ಮೇಲಿಟ್ಟು ಹತ್ತಿರ ಬಂದಳು. ಎಡಗಡೆಯದು ಒಣಗಿದೆ, ಬಲಗಡೆಯದನ್ನು ಸಂಜೆಯವರೆಗೂ ಮುಟ್ಟಬೇಡ ಎಂದು ಅವನು ಎಚ್ಚರಿಸಿದ. ಅವಳು ಬಲಗಡೆಯ ದೀಪವನ್ನೇ ನೋಡುತ್ತ ನಿಂತಳು.

“ಅಮ್ಮನ ಬೊಟ್ಟು?”

“ಹೋಯ್ತು. ನಾನೇ ತಿಕ್ಕಿ ತೆಗ್ದೆ.”

“ಮಂಚಿದಿ. ಇನ್ಮೇಲೆ ನಿಮಗೆ ಬೈಯೋಕೆ ಏನೂ ಇರಲ್ಲ” ಎಂದಳು. ಮಂಚಿದಿ ಅಂದರೆ ಒಳ್ಳೆಯದಾಯಿತು ಎಂದು. ಆದರೆ ಅವಳ ದನಿಯಲ್ಲಿ ಒಳ್ಳೆಯದಾದ ಹಾಗೆ ಕೇಳಿಸಲಿಲ್ಲ.

ಶ್ರೀಕಂಠ ಸ್ಟೂಲಿನ ಮೇಲೆ ಕುಸಿದು ಕೂತ. ಇಷ್ಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಸಡಿಲಿತು.

“ಬೈತಿದ್ದೆ, ಹೌದು. ಆದ್ರೆ ನಿಮ್ಮಮ್ಮ ನನ್ನ ಪಾಲಿಗೆ ಅಂತ ಮಾಡಿದ್ದು ಅದೊಂದೇ ಕಣೇ. ಅದೂ ಪಾಪ, ಹಸಿ ಇದೆ ಅಂತ ಗೊತ್ತಿಲ್ದೆ ಮಾಡಿದ್ದು. ಈಗ ಅದೂ ಹೋಯ್ತು.”

“ಗೊತ್ತಿಲ್ದೆ ಅಂತ ಯಾರ್ ಹೇಳಿದ್ರು ನಿಮಗೆ?” ಎಂದಳು ಲಕ್ಷ್ಮೀಪ್ರಸನ್ನ.

ಅವನು ತಲೆಯೆತ್ತಿದ.

ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳು. ಅವತ್ತು ಕೋಟೇಶ್ವರಮ್ಮ ಹಿತ್ತಲ ಬಾಗಿಲಿಗೆ ಕೃಷ್ಣಪ್ರಸಾದನನ್ನು ಮಜ್ಜಿಗೆಗೆ ಕರೆದಿದ್ದರು. ಯಾವುದು ಒಣಗಿದೆ, ಯಾವುದು ಹಸಿಯಿದೆ ಎಂದು ವಿಚಾರಿಸಿ ತಿಳಿದುಕೊಂಡಿದ್ದರು. ಬೊಟ್ಟಿಟ್ಟು ಒಳಗೆ ಬಂದಾಗ, ಅಮ್ಮಾ ಇದೇನು ಮಾಡಿದೆ, ಅವರು ಕೆಂಡವಾಗಿದ್ದಾರೆ ಎಂದು ಮಗಳೇ ರೇಗಿದ್ದಳು. ಕೋಟೇಶ್ವರಮ್ಮ ಬೆರಳಿಗೆ ಅಂಟಿದ ಲ್ಯಾಕರನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದ್ದರು. ಲಕ್ಷ್ಮೀಪ್ರಸನ್ನ ಆ ಮಾತನ್ನು ತಾಯಿಯ ದನಿಯಲ್ಲೇ ಹೇಳಿದಳು.

“ಎಂಡಿನ ದಾನಿಮೀದ ಪೆಡಿತೇ ವಾನಕಿ ಪೋತುಂದಿ. ಅಲ್ಲುಡುಗಾರಿ ಬಂಡಿ, ಉಂಡಾಲಿ ಕದಾ.”

ಒಣಗಿದ್ದರ ಮೇಲಿಟ್ಟರೆ ಮಳೆಗೆ ಹೋಗುತ್ತದೆ. ಅಳಿಯಂದಿರ ಗಾಡಿ, ಉಳಿಯಬೇಕಲ್ಲವೇ.

ತೆಲುಗು ಶ್ರೀಕಂಠನಿಗೆ ನೀರು ಕುಡಿದಷ್ಟು ಸುಲಭ. ಆದರೂ ಆ ಮಾತನ್ನು ಇನ್ನೊಮ್ಮೆ ಹೇಳೆಂದು ಕೇಳಿದ. ಅವಳು ಹೇಳಿದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, ಊಟವನ್ನೂ ಬಿಟ್ಟು ಹೊರಟ ಮನುಷ್ಯನಿಗೆ, ನಮ್ಮಮ್ಮ ಬೇಕೆಂದೇ ಮಾಡಿದ್ದು ಎಂದು ಹೇಗೆ ಹೇಳಲಿ ಎಂದಳು. ಆಮೇಲೆ ನೀವು ಆಡಿಕೊಂಡಾಗಲೆಲ್ಲ ಹೇಳಲು ಬಾಯಿಗೆ ಬರುತ್ತಿತ್ತು, ಅಮ್ಮನನ್ನು ಇನ್ನೂ ಬೈದೀರೆಂದು ನುಂಗಿಕೊಳ್ಳುತ್ತಿದ್ದೆ. ಅಮ್ಮ ಹೋದ ಮೇಲೆ ನೀವು ಆ ಮಾತೇ ಬಿಟ್ಟಿರಿ, ನಾನೂ ಬಿಟ್ಟೆ. ಹೀಗೆ ಹೇಳುತ್ತ ಅವಳ ಕಣ್ಣೂ ತುಂಬಿತು. ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಕಾಫಿ ಕೊಟ್ಟುಕೊಂಡು, ಒಬ್ಬರು ಕೇಳಲು ಹಾತೊರೆಯುವ ಮಾತನ್ನು ಇನ್ನೊಬ್ಬರು ಹತ್ತು ವರ್ಷ ಬಚ್ಚಿಟ್ಟುಕೊಂಡಿದ್ದರಲ್ಲ, ಇಂಥವರಿಗೆ ಏನು ಹೇಳೋಣ?

“ಒಂದ್ ಗಂಟೆ ಮುಂಚೆ ಹೇಳಿದ್ರೂ ಆಗ್ತಿತ್ತಲ್ಲೇ” ಎಂದ ಶ್ರೀಕಂಠ. ಅವಳು ಆಗ ರೈಲಿನಲ್ಲಿದ್ದಳು ಎನ್ನುವುದು ಅವನಿಗೂ ಗೊತ್ತಿತ್ತು.

ಲಕ್ಷ್ಮೀಪ್ರಸನ್ನ ಎದ್ದು ಒಳಗೆ ಹೋದಳು. ಕೈಕಾಲು ತೊಳೆದ ಸದ್ದಾಯಿತು, ದೇವರ ಕೋಣೆಯ ಬಾಗಿಲು ಕಿರ್ರೆಂದಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಕುಂಕುಮದ ಭರಣಿಯಿತ್ತು. ಎಡಗಡೆಯ ಒಣಗಿದ ದೀಪವನ್ನು ಅವಳು ನೋಡಲೂ ಇಲ್ಲ. ನೇರ ಬಲಗಡೆಗೆ ಬಂದು, ಉಂಗುರದ ಬೆರಳನ್ನು ಭರಣಿಯಲ್ಲಿ ಅದ್ದಿ, ಹಸಿ ಲ್ಯಾಕರಿನ ಮುಂದೆ ಹಿಡಿದು ಗಂಡನ ಮುಖ ನೋಡಿದಳು.

ಅವನು ಸ್ಟೂಲಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತ. ಅವಳ ಮಣಿಕಟ್ಟು ಹಿಡಿದು ಬೆರಳನ್ನು ದೀಪದ ನಡುವಿನಿಂದ ಮೇಲಿನ ಮೂಲೆಗೆ ಸರಿಸಿದ.

“ಇಲ್ಲಿಡು. ಬೆಳಕಿಗೆ ಅಡ್ಡ ಬರಲ್ಲ” ಎಂದ. “ಒತ್ತಿ ಇಡು.”

ಸೋಮವಾರ ಬ್ರೇಕ್ ಇನ್ಸ್‌ಪೆಕ್ಟರು ದೀಪ ಹಾಕಿಸಿ ನೋಡಿ ತಲೆದೂಗಿದರು. ಎಲ್ಲಿ ಮಾಡಿಸಿದಿರಿ ಎಂದು ಕೇಳಿ, ಮನೆಯಲ್ಲೇ ಎಂದದ್ದಕ್ಕೆ ನಂಬಲಾರದವರಂತೆ ಬಗ್ಗಿ ನೋಡಿದರು. ಬಲಗಡೆಯ ಮೂಲೆಯಲ್ಲಿ ಕೆಂಪಗಿದ್ದದ್ದು ಕಣ್ಣಿಗೆ ಬಿತ್ತು. ಉಗುರಿನಿಂದ ಮೆಲ್ಲಗೆ ಕೆರೆದರು, ಬರಲಿಲ್ಲ. ಒಳಗೆ ಸೇರಿಕೊಂಡಿದೆಯಲ್ಲ, ಇದನ್ನು ಇಟ್ಟವರು ಯಾರು ಎಂದು ತೆಲುಗಿನಲ್ಲಿ ಕೇಳಿದರು.

ಲಕ್ಷ್ಮೀಪ್ರಸನ್ನ ಪಕ್ಕದಲ್ಲೇ ನಿಂತಿದ್ದಳು. ಶ್ರೀಕಂಠ ಅವಳ ಕಡೆ ತಿರುಗದೆ ಉತ್ತರ ಕೊಟ್ಟ.

“ಮಾ ಅತ್ತಗಾರು ಪೆಟ್ಟಾರಂಡಿ” ಎಂದ. ನಮ್ಮ ಅತ್ತೆಯವರು ಇಟ್ಟದ್ದು.

ಅವಳು ಅದನ್ನು ತಿದ್ದಲಿಲ್ಲ. ಇನ್ಸ್‌ಪೆಕ್ಟರು, ಹಾಗಿದ್ದರೆ ಇರಲಿ ಬಿಡಿ ಎಂದು ಮುಂದಿನ ಗಾಡಿಯ ಕಡೆ ಹೋದರು.